ಗಾಳಿಯಲ್ಲಿರುವ ಹಲಗೆ



ಪಂಚಶೀಲದಲ್ಲಿ ನಾಲ್ಕನೆಯದು ಮುಸಾವಾದಾ ವೇರಮಣಿ. ಇದನ್ನು ನಾವು ನಾಲಿಗೆಗೆ ಸಂಬಂಧಿಸಿದ ಶೀಲ ಎಂದುಕೊಂಡಿದ್ದೇವೆ. ಬಾಯಿ ತೆರೆಯದೆ, ಒಂದಕ್ಷರ ಬರೆಯದೆ, ನಡೆದದ್ದನ್ನು ಇದ್ದ ಹಾಗೇ ತೋರಿಸಿಯೂ ಸುಳ್ಳು ಹೇಳಬಹುದೇ? ಹೇಳಬಹುದು ಎಂದು ನನಗೆ ತಿಳಿಸಿಕೊಟ್ಟವನು ಎಸ್ಸೆಸ್ಸೆಲ್ಸಿ ಮುಗಿಸಿದ ನನ್ನೊಬ್ಬ ವಿದ್ಯಾರ್ಥಿ.

ಬೆಂಗಳೂರಿನಲ್ಲಿ ಅವನದೊಂದು ಸ್ಕೇಟ್‌ಬೋರ್ಡ್ ಸ್ಪರ್ಧೆ ಇತ್ತು. ಶಾಲೆಯ ಕಾರ್ಯಕ್ರಮಗಳಿಗೆಲ್ಲ ಫೋಟೊ ತೆಗೆಯುವವನು ನಾನೇ ಆದ್ದರಿಂದ ಕ್ಯಾಮೆರಾ ತಗೊಂಡು ಬನ್ನಿ ಸಾರ್ ಎಂದು ಕರೆದಿದ್ದ. ಆ ಆಟವನ್ನು ಹತ್ತಿರದಿಂದ ನೋಡಿದ್ದೇ ಅದು ಮೊದಲು. ನಾಲ್ಕು ಚಕ್ರದ ಹಲಗೆ. ಕಾಲನ್ನು ಅದಕ್ಕೆ ಕಟ್ಟಿರುವುದಿಲ್ಲ. ಹಿಂಗಾಲಿನಿಂದ ಹಲಗೆಯ ಬಾಲವನ್ನು ನೆಲಕ್ಕೆ ಬಡಿದು, ಮುಂಗಾಲನ್ನು ಹಲಗೆಯ ಮೇಲೆ ಮುಂದಕ್ಕೆ ಉಜ್ಜಿದರೆ ಹಲಗೆ, ಹುಡುಗ ಎರಡೂ ಒಟ್ಟಿಗೆ ಮೇಲೇಳುತ್ತವೆ. ಇದಕ್ಕೆ ಓಲಿ ಎನ್ನುತ್ತಾರೆ. ಶಟರ್ ಸೆಕೆಂಡಿನ ಸಾವಿರದಲ್ಲೊಂದು ಭಾಗ ಮಾತ್ರ ತೆರೆದರೆ ಚಿತ್ರ ಕದಡುವುದಿಲ್ಲ. ಕುಕ್ಕರುಗಾಲಲ್ಲಿ ಕೂತು ಕೆಳಗಿನಿಂದ ತೆಗೆದರೆ ಎರಡಡಿ ಜಿಗಿತವೂ ಹಾರಾಟದಂತೆ ಕಾಣುತ್ತದೆ. (ಅದೂ ಒಂದು ಸಣ್ಣ ಸುಳ್ಳೇ, ಇರಲಿ.)

ಮಧ್ಯಾಹ್ನ ಅವನಿಗೆ ಚಿತ್ರಗಳನ್ನು ತೋರಿಸಿದೆ. ಒಂದರಲ್ಲಿ ಮೆಟ್ಟಿಲುಗಳ ಮೇಲೆ, ಗಾಳಿಯಲ್ಲಿ, ಕೈ ಚಾಚಿ ನಿಂತಂತಿದ್ದಾನೆ. ಪಾದದ ಕೆಳಗೆ ಹಲಗೆ ಮಗುಚುತ್ತಿದೆ. ಅಂದಿನ ಅತ್ಯುತ್ತಮ ಚಿತ್ರ. ನೋಡಿದವನೇ, "ಇದನ್ನ ಎಲ್ಲೂ ಹಾಕ್ಬೇಡಿ ಸಾರ್. ಇದು ಲ್ಯಾಂಡ್ ಆಗ್ಲಿಲ್ಲ, ಬಿದ್ದೆ" ಎಂದ. ಬೀಳುವುದು ಅವನಿಗೆ ಅವಮಾನವೇನಲ್ಲ. ಅಂಗಾತ ಬಿದ್ದಿದ್ದ ಇನ್ನೊಂದು ಫೋಟೊವನ್ನು ತಾನೇ ಕೇಳಿ ಪಡೆದು ಗೆಳೆಯರಿಗೆ ಕಳಿಸಿ ನಕ್ಕ.

ಈ ಆಟದವರಲ್ಲಿ ಇದು ಹಳೆಯ ಕಟ್ಟಳೆ. ಕಾಲು ಹಲಗೆಯ ಮೇಲೇ ಇಳಿದು, ಹಲಗೆ ಮುಂದೆ ಉರುಳಿದರೆ ಮಾತ್ರ ಆ ಕಸರತ್ತಿನ ಫೋಟೊ ಪತ್ರಿಕೆಗೆ ಯೋಗ್ಯ. ಎದ್ದ ಜಾಗ, ಇಳಿಯುವ ಜಾಗ ಎರಡೂ ಚಿತ್ರದಲ್ಲಿ ಕಾಣಬೇಕು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಈ ಆಟ ಮೊದಲ ಸಲ ಸೇರಿದಾಗ ಸ್ಟ್ರೀಟ್ ವಿಭಾಗದಲ್ಲಿ 45 ಸೆಕೆಂಡಿನ ಎರಡು ಓಟ, ಐದು ಬಿಡಿ ಕಸರತ್ತು ಇದ್ದವು. ಬಿಡಿ ಕಸರತ್ತಿನಲ್ಲಿ ಬಿದ್ದರೆ ಅಂಕ 0. ಅಲ್ಲಿಯಾದರೆ ತೀರ್ಪುಗಾರರು ಕಣ್ಣಾರೆ ನೋಡುತ್ತಾರೆ. ಫೋಟೊ ನೋಡುವವರಿಗೆ ಏನೂ ಗೊತ್ತಾಗುವುದಿಲ್ಲ, ಗೊತ್ತಿರುವುದು ಬಿದ್ದವನಿಗೆ. ಆ ಹುಡುಗನಿಗೆ ಅಷ್ಟೇ ಸಾಕಾಯಿತು.

ಮಹಾಡ್ ನೆನಪಾಯಿತು. 1924ರಲ್ಲಿ ಅಲ್ಲಿನ ಪುರಸಭೆ ಚೌದಾರ್ ಕೆರೆ ಅಸ್ಪೃಶ್ಯರಿಗೂ ಮುಕ್ತ ಎಂದು ನಿರ್ಣಯ ಮಾಡಿತು. ಗಾಳಿಯಲ್ಲಿರುವ ಹಲಗೆ ಅದು. ಕಾಗದದಾಚೆ ಜಾರಿಗೆ ಬರಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಜನರೊಂದಿಗೆ ಕೆರೆಗಿಳಿದು ನೀರು ಕುಡಿದರು. ಆಮೇಲೂ ಹಲ್ಲೆ, ಕೆರೆಯ 'ಶುದ್ಧೀಕರಣ', ಮೊಕದ್ದಮೆ. ಬಾಂಬೆ ಹೈಕೋರ್ಟಿನ ತೀರ್ಪು ನಮ್ಮ ಕಡೆ ಬಂದದ್ದು 1937ರಲ್ಲಿ. 1924ರ ನಿರ್ಣಯವನ್ನಷ್ಟೇ ಓದಿ ಹೇಳುವವನ ಮಾತಿನಲ್ಲಿ ಒಂದಕ್ಷರವೂ ತಪ್ಪಿರುವುದಿಲ್ಲ.

ದಲಿತರ ಮನೆಯಲ್ಲಿ ಉಣ್ಣುವ ನಾಯಕರ ಫೋಟೊ ಬಂದರೆ ನಾವು ಕೂಡಲೇ ಕೇಳುತ್ತೇವೆ: ಅಡುಗೆ ಎಲ್ಲಿಂದ ಬಂತು, ನೀರು ಯಾವ ಬಾಟಲಿಯದು, ಮಾರನೇ ದಿನ ಹೋಟೆಲಿನಲ್ಲಿ ಲೋಟ ಒಂದೇ ಆಯಿತೇ? ಕೇಳಲೇಬೇಕು. ನಮ್ಮ ಗುಂಪಿನಲ್ಲೂ ಧಮ್ಮದೀಕ್ಷೆಯ ಫೋಟೊಗಳು ಬರುತ್ತವೆ. ಬಿಳಿ ಬಟ್ಟೆ, ಜೋಡಿಸಿದ ಕೈ, ತುಟಿಯ ಮೇಲೆ 22 ಪ್ರತಿಜ್ಞೆಗಳು. ಸುಳ್ಳು ಹೇಳುವುದಿಲ್ಲ ಎಂಬುದೂ ಅದರಲ್ಲಿದೆ, ಮನುಷ್ಯರೆಲ್ಲ ಸಮಾನರೆಂದು ನಂಬುತ್ತೇನೆ ಎಂಬುದೂ ಇದೆ. ಅದೇ ಮನೆಯಲ್ಲಿ ಆರು ತಿಂಗಳ ಮೇಲೆ ಮಗಳಿಗೆ ಗಂಡು ನೋಡುವಾಗ, "ಬಲಗೈಯವರೋ ಎಡಗೈಯವರೋ, ಮೊದಲು ವಿಚಾರಿಸಿ" ಎಂಬ ಮಾತು ಬರುತ್ತದೆ.

ಭಾನುವಾರ ಕೂತಾಗ ಈ ಕೊನೆಯದನ್ನೇ ಮಾತಾಡೋಣ. ಅಂದು ಫೋಟೊ ಬೇಡ.

ನಮೋ ಬುದ್ಧಾಯ.