ಮನೆ ಬದಲಿಸುವಾಗ ಕಲಿತ ಪಾಠ

ಮಹಾನಗರದಲ್ಲಿ ನೆಲಸಿದ ನಮ್ಮಂತಹವರಿಗೆ ಮನೆ ಬದಲಿಸುವುದು ಹೊಸ ಅನುಭವವೇನಲ್ಲ. ಬಾಡಿಗೆಯ ಅವಧಿ ಮುಗಿದಾಗಲೋ, ಹಳೆಯ ಕಟ್ಟಡವನ್ನು ಕೆಡವಿ ಹೊಸದನ್ನು ಕಟ್ಟುವಾಗಲೋ ಗಂಟುಮೂಟೆ ಕಟ್ಟಲೇಬೇಕಾಗುತ್ತದೆ. ಆಗ ಅಟ್ಟದಿಂದ ಇಳಿಯುವ ಸಾಮಾನುಗಳನ್ನು ಕಂಡು, ಇಷ್ಟೆಲ್ಲ ನಮ್ಮದೇ ಎಂದು ನಾವೇ ಬೆರಗಾಗುತ್ತೇವೆ. ಎಂದಾದರೂ ಬೇಕಾದೀತೆಂದು ಕೂಡಿಟ್ಟದ್ದು ವರ್ಷಗಳು ಉರುಳಿದರೂ ಬೇಕಾಗಿರುವುದಿಲ್ಲ.

ಪತಂಜಲಿ ಮಹರ್ಷಿಗಳು ಯೋಗಸೂತ್ರದಲ್ಲಿ ಹೇಳಿದ 5 ಯಮಗಳಲ್ಲಿ ಕೊನೆಯದು ಅಪರಿಗ್ರಹ. ಜೈನ ಧರ್ಮವು ಇದನ್ನು ಮುನಿಗಳಿಗೆ ಮಹಾವ್ರತವೆಂದು ವಿಧಿಸಿತು. ಗೃಹಸ್ಥರಿಗೆ ಪರಿಗ್ರಹ ಪರಿಮಾಣವೆಂಬ ಅಣುವ್ರತವನ್ನು ಹೇಳಿತು. ಸಂಸಾರಿಯು ತನಗೆಷ್ಟು ಸಾಕೆಂಬುದನ್ನು ತಾನೇ ನಿಶ್ಚಯಿಸಿ ಆ ಮಿತಿಯೊಳಗೆ ಬಾಳಬೇಕೆಂಬುದೇ ಇದರ ಅರ್ಥ. ಗಾಂಧೀಜಿಯವರು 1930ರಲ್ಲಿ ಪುಣೆಯ ಯರವಡಾ ಸೆರೆಮನೆಯಿಂದ ಆಶ್ರಮವಾಸಿಗಳಿಗೆ ಬರೆದ ಪತ್ರಗಳಲ್ಲಿ ಅಪರಿಗ್ರಹವನ್ನು ಅಸ್ತೇಯದೊಡನೆ ಜೋಡಿಸಿದರು. ಅಗತ್ಯವಿಲ್ಲದ್ದನ್ನು ಇರಿಸಿಕೊಳ್ಳುವುದೂ ಒಂದು ಬಗೆಯ ಕಳವೆಂಬುದು ಅವರ ಭಾವ.

ಆದರೆ ಸ್ಥಳವಿಲ್ಲವೆಂದು ಬಿಟ್ಟದ್ದು ತ್ಯಾಗವೆನಿಸುವುದೇ? ಹಿರಿಯರ ವಸ್ತುವನ್ನು ಬಿಡುವುದು ಕೃತಘ್ನತೆಯಲ್ಲವೇ? ಈ ಪ್ರಶ್ನೆ ನನ್ನನ್ನೂ ಕಾಡಿತು. ನಮ್ಮ ತಾಯಿಯವರು ಊರಿನಿಂದ ತಂದಿದ್ದ ಹಿತ್ತಾಳೆಯ ಕೊಪ್ಪರಿಗೆಯೊಂದು ನಮ್ಮಲ್ಲಿತ್ತು. ಹೊಸ ಮನೆಯ ಅಡುಗೆಮನೆಯಲ್ಲಿ ಅದಕ್ಕೆ ಎಡೆಯಿರಲಿಲ್ಲ. ಮಾರಲು ಮನಸ್ಸೊಪ್ಪದೆ, ಕಲಾಯಿ ಮಾಡಿಸಿ ಸಮೀಪದ ದೇವಾಲಯದ ಪಾಕಶಾಲೆಗೆ ಒಪ್ಪಿಸಿದೆವು. ಕೊಡುವಾಗ ಕೈ ನಡುಗಿದ್ದು ಸುಳ್ಳಲ್ಲ. ಮುಂದಿನ ಉತ್ಸವದಲ್ಲಿ ಅದೇ ಕೊಪ್ಪರಿಗೆಯಲ್ಲಿ ಪಾಯಸ ಕುದಿಯುತ್ತಿತ್ತು. ನಮ್ಮ ಅಟ್ಟದಲ್ಲಿ ಅದು ಬರಿಯ ನೆನಪಾಗಿತ್ತು; ಅಲ್ಲಿ ಮತ್ತೆ ಪಾತ್ರೆಯಾಯಿತು. ತಾಯಿಯವರಿಗೆ ಯಾವುದು ಪ್ರಿಯವಾಗುತ್ತಿತ್ತೆಂದು ನಾನು ಯಾರನ್ನೂ ಕೇಳಬೇಕಾಗಲಿಲ್ಲ.

ಬಡವನ ಬರಿಗೈ ವ್ರತವಲ್ಲ. ಅನಿವಾರ್ಯದಿಂದ ಬಿಟ್ಟದ್ದು ವೈರಾಗ್ಯವೂ ಅಲ್ಲ. ಮನೆ ಬದಲಾವಣೆಯು ನಮ್ಮ ಕೈಯನ್ನು ಸಡಿಲಿಸುತ್ತದೆ, ಅಷ್ಟೆ. ಮನಸ್ಸೂ ಸಡಿಲಿತೇ ಎಂಬ ಪರೀಕ್ಷೆ ನಡೆಯುವುದು ಅನಂತರ, ಹೊಸ ಮನೆಯ ಅಟ್ಟ ಮತ್ತೆ ತುಂಬತೊಡಗಿದಾಗ.

ವಿಜಯದಶಮಿಯ ಬನ್ನಿಯಲ್ಲಿಯೂ ಇದೇ ಪಾಠವಿದೆ. ವಿರಾಟನಗರವನ್ನು ಹೊಗುವ ಮುನ್ನ ಪಾಂಡವರು ತಮ್ಮ ಆಯುಧಗಳನ್ನೇ ಶಮೀವೃಕ್ಷದಲ್ಲಿರಿಸಿ ನಡೆದರು. ಕಾಳಿದಾಸನ ರಘುವಂಶದಲ್ಲಿ, ವಿಶ್ವಜಿತ್ ಯಾಗದಲ್ಲಿ ಸರ್ವಸ್ವವನ್ನೂ ದಾನಮಾಡಿದ ರಘುಮಹಾರಾಜನು ಕೌತ್ಸನನ್ನು ಮಣ್ಣಿನ ಪಾತ್ರೆಯಿಂದ ಸತ್ಕರಿಸುತ್ತಾನೆ. ಕುಬೇರನಿಂದ ಹೊನ್ನಿನ ಮಳೆ ಸುರಿದಾಗ ರಘುವು ಎಲ್ಲವನ್ನೂ ಕೊಡಲೆಳಸಿದನು. ಕೌತ್ಸನು ಗುರುದಕ್ಷಿಣೆಯ 14 ಕೋಟಿಗಿಂತ ಹೆಚ್ಚನ್ನು ಬಯಸಲಿಲ್ಲ. ಬನ್ನಿಯನ್ನು ಬಂಗಾರವೆಂದು ಹಂಚುವ ರೂಢಿಗೆ ಈ ಕಥೆಯನ್ನೇ ಮೂಲವೆನ್ನುವವರುಂಟು.

ಕೊಡುವವನಿಗೆ ಮಿತಿಯಿಲ್ಲ, ಕೊಳ್ಳುವವನಿಗೆ ಮಿತಿಯುಂಟು. ಈ ದಸರೆಯಲ್ಲಿ ಬನ್ನಿಯನ್ನು ಕೈಗೆ ಕೊಡುವಾಗ, ಮನೆ ಬದಲಿಸುವ ದಿನಕ್ಕಾಗಿ ಕಾಯದೆ, ನಮ್ಮ ಅಟ್ಟದತ್ತಲೂ ಒಮ್ಮೆ ದೃಷ್ಟಿ ಹರಿಸೋಣ. ಒಂದು ದಿನ ಈ ದೇಹವೆಂಬ ಮನೆಯನ್ನೂ ಬಿಟ್ಟು ನಡೆಯಬೇಕಲ್ಲವೇ? ಆಗ ಸಾಮಾನು ಸಾಗಿಸಲು ಯಾವ ಲಾರಿಯೂ ಬರುವುದಿಲ್ಲ.