ಕಡಿಮೆ ಹೇಳಿದ ಸುಳ್ಳು

ಇರುವುದನ್ನು ಕಡಿಮೆ ಮಾಡಿ ಹೇಳಿದರೆ ಸುಳ್ಳೇ? ನಮ್ಮ ಮನೆಗಳಲ್ಲಿ ಅದನ್ನು ವಿನಯ ಎನ್ನುತ್ತೇವೆ. ಅಮೆರಿಕದ ಹಳೆಯ ಮಸಲ್ ಕಾರುಗಳ ಕಥೆ ಓದುವಾಗ ಈ ಪ್ರಶ್ನೆ ನನ್ನನ್ನು ಕಾಡುತ್ತದೆ. 1968ರಲ್ಲಿ ಫೋರ್ಡ್ ತನ್ನ 428 ಕೋಬ್ರಾ ಜೆಟ್ ಎಂಜಿನ್ನಿಗೆ 335 ಅಶ್ವಶಕ್ತಿ ಎಂದು ಘೋಷಿಸಿತು. ಬಲ್ಲವರ ಅಂದಾಜು 400ಕ್ಕೂ ಮೇಲೆ. ಷೆವ್ರೊಲೆ ಕಾರ್ವೆಟ್‌ನ ರೇಸ್ ಎಂಜಿನ್ ಎಲ್88ಕ್ಕೆ 430 ಎಂದಿತು, ಅದಕ್ಕಿಂತ ಸೌಮ್ಯವಾದ ಎಲ್71ಕ್ಕೆ 435!

ಶಕ್ತಿ ಹೆಚ್ಚಿದ್ದರೆ ವಿಮೆಯ ಕಂತು ಏರುತ್ತಿತ್ತು. ಡ್ರ್ಯಾಗ್ ರೇಸಿನಲ್ಲಿ ಕಾರಿನ ವರ್ಗ ನಿರ್ಧಾರವಾಗುತ್ತಿದ್ದದ್ದೂ ತೂಕ ಮತ್ತು ಘೋಷಿತ ಶಕ್ತಿಯ ಲೆಕ್ಕದಲ್ಲೇ. ಕೊಂಡವನಿಗೆ ನಷ್ಟವಿಲ್ಲ, ಹಾಗಾಗಿ ಅವನು ದೂರಲಿಲ್ಲ. ಆದರೆ ಆ ಅಂಕಿಯನ್ನು ನಂಬಿದವರು ಬೇರೆಯವರೂ ಇದ್ದರು: ಪಕ್ಕದಲ್ಲಿ ನಿಂತ ಸ್ಪರ್ಧಿ, ಅದೇ ವಿಮೆಗೆ ಕಂತು ಕಟ್ಟುವ ಸಾಧಾರಣ ಕಾರಿನವನು. ವಿನಯದ ಬೆಲೆಯನ್ನು ಹೇಳಿದವನೇ ತೆರುತ್ತಾನೆ. ಬೇರೆಯವರು ತೆರಬೇಕಾಗಿ ಬಂದರೆ ನಾನು ಅದನ್ನು ಸುಳ್ಳೆಂದೇ ಕರೆಯುತ್ತೇನೆ.