ಎಪ್ಪತ್ತೈದು ವರ್ಷ ಎಲ್ಲಿದೆ?

ಮಳೆಗಾಲದಲ್ಲಿ ಕೊಪ್ಪದ ಮನೆಗೆ ಹೋಗಿದ್ದಾಗ ಚಿಕ್ಕಪ್ಪ ಒಂದು ಪ್ಲಾಸ್ಟಿಕ್ ಕವರ್ ತಂದು ಮುಂದಿಟ್ಟರು. "ಓದಿದವ ನೀನು, ಇದರಲ್ಲಿ ಎಪ್ಪತ್ತೈದು ವರ್ಷ ಎಲ್ಲಿದೆ ಹುಡುಕಿಕೊಡು ಮಾರಾಯ." ಒಳಗೆ ಕಂದಾಯದ ರಸೀದಿ, ರೇಷನ್ ಕಾರ್ಡು, ಗೆದ್ದಲು ತಿಂದ ಒಂದು ಲಗ್ನಪತ್ರಿಕೆ. ಅತಿ ಹಳೆಯದು 1962ರದ್ದು.

ಅವರ ಅರ್ಜಿ "ದಾಖಲೆ ಇಲ್ಲ" ಅಂತ ವಾಪಸ್ ಬಂದಿತ್ತು. 2006ರ ಅರಣ್ಯ ಹಕ್ಕು ಕಾಯ್ದೆ ಪ್ರಕಾರ, ಬುಡಕಟ್ಟಿನವರಲ್ಲದವರು 2005ರ ಡಿಸೆಂಬರ್ 13ಕ್ಕೆ ಮುಂಚಿನ ಮೂರು ತಲೆಮಾರು ಕಾಡಿನಲ್ಲೇ ಇದ್ದು, ಕಾಡನ್ನೇ ನಂಬಿ ಬದುಕಿರಬೇಕು. ತಲೆಮಾರಿಗೆ 25 ವರ್ಷ ಅಂತ ಕಾಯ್ದೆಯೇ ಲೆಕ್ಕ ಹಾಕಿದೆ. ಅಲ್ಲಿಗೆ 1930. ಆಗ ನಮ್ಮದು ಮೈಸೂರು ಸಂಸ್ಥಾನದ ಕಡೂರು ಜಿಲ್ಲೆ. ಶೃಂಗೇರಿ ಮಠದ ಜಾಗೀರು. ಎಡೇಹಳ್ಳಿ ಹೋಗಿ ನರಸಿಂಹರಾಜಪುರ ಆಗಿ ಹದಿನೈದೇ ವರ್ಷ. ಆ ಕಾಲದಲ್ಲಿ ಕಾಗದ ಇರುತ್ತಿದ್ದದ್ದು ಜಮೀನಿದ್ದವರ ಪೆಟ್ಟಿಗೆಯಲ್ಲಿ. ಕೂಲಿಗೆ ಹೋಗುವವನಿಗೆ, ಬಾಯಿಮಾತಿನ ಗೇಣಿಯವನಿಗೆ ಯಾರು ಕೊಟ್ಟಿದ್ದರು? ಎನ್.ಆರ್.ಪುರದ ಕಡೆ ಭದ್ರಾ ಹಿನ್ನೀರಿಗೆ ಮನೆ ಬಿಟ್ಟು ಎದ್ದವರದು ಇನ್ನೊಂದು ಕತೆ. ಮುಳುಗಿಸಿದ್ದೂ ಸರ್ಕಾರ, ಹಳೇ ವಾಸದ ಪುರಾವೆ ಕೇಳುವುದೂ ಸರ್ಕಾರ.

ತನ್ನ ತಪ್ಪಿನಿಂದ ತಾನೇ ಲಾಭ ಪಡೆಯಬಾರದು ಅನ್ನೋದು ಕಾನೂನಿನ ಹಳೆಯ ತತ್ವ. ರಿಜಿಸ್ಟರ್ ಬರೆಯಬೇಕಾದವನು ಬರೆಯದೆ, ಆಮೇಲೆ "ರಿಜಿಸ್ಟರಲ್ಲಿ ನಿನ್ನ ಹೆಸರಿಲ್ಲ" ಅನ್ನಬಹುದೇ? ಮಜಾ ಅಂದ್ರೆ, ಕಾಯ್ದೆಗೆ ಇದು ಗೊತ್ತಿದೆ. ಅರ್ಜಿದಾರರಲ್ಲದ ಹಿರಿಯರ ಹೇಳಿಕೆ ಬರೆದುಕೊಂಡರೆ ಅದೂ ಸಾಕ್ಷ್ಯ ಅಂತ ನಿಯಮವಿದೆ. ಇಂಥದ್ದೇ ಕಾಗದ ಬೇಕು ಅಂತ ಸಮಿತಿ ಹಟ ಹಿಡಿಯುವಂತಿಲ್ಲ ಅಂತ 2012ರಲ್ಲಿ ಸೇರಿಸಿದ್ದಾರೆ. ಗ್ರಾಮಸಭೆಯ ನಿರ್ಣಯ ಒಪ್ಪದಿದ್ದರೆ 60 ದಿನದೊಳಗೆ ಮೇಲ್ಮನವಿ, ಮಾತು ಕೇಳದೆ ವಿರುದ್ಧ ತೀರ್ಮಾನ ಮಾಡುವಂತಿಲ್ಲ. ಇಷ್ಟೆಲ್ಲ ಇದ್ದೂ "ದಾಖಲೆ ಇಲ್ಲ" ಅನ್ನೋ ಎರಡೇ ಪದದ ಉತ್ತರ ಬಂದಿತ್ತು.

ಅದಕ್ಕೇ ಹಿರಿಯರ ಹೇಳಿಕೆ ಮಾಡಿಸೋಣ ಅಂದೆ. ಅಂದಮೇಲೆ ಅಳುಕು ಶುರುವಾಯಿತು. ಮಲೆನಾಡಿನಲ್ಲಿ ಬೇಲಿಗೂ ಕಾಲಿದೆ, ವರ್ಷಕ್ಕೆ ನಾಲ್ಕು ಹೆಜ್ಜೆ ಕಾಡಿನೊಳಗೆ ಹೋಗುತ್ತದೆ. ನೂರು ಎಕರೆ ಎಸ್ಟೇಟಿನವನಿಗೂ ಒಬ್ಬ ಅಜ್ಜ ಸಿಕ್ಕೇ ಸಿಗುತ್ತಾನೆ. ಕಾಗದ ಕೇಳುವುದರ ಹಿಂದೆ ಆ ಭಯವೂ ಇದೆ, ಅದು ಸುಳ್ಳಲ್ಲ. ಯಾವ ಅಡಿಕೆ ಮರ ಯಾವ ವರ್ಷದ್ದು ಅಂತ ಊರಿಗೆ ಗೊತ್ತಿರುತ್ತದೆ, ಅದಕ್ಕೇ ಕಾಯ್ದೆ ಮೊದಲ ಮಾತನ್ನು ಗ್ರಾಮಸಭೆಗೆ ಬಿಟ್ಟಿದ್ದು. ಆದರೆ ಪಕ್ಕದ ಮನೆಯವನ ಎದುರು ಅದನ್ನು ಹೇಳುವವರು ಯಾರು?

ಸಂಜೆ ಕೆಳಮನೆ ಅಜ್ಜಿ ಹತ್ತಿರ ಹೋದೆವು. ತೊಂಬತ್ತರ ಹತ್ತಿರ, ಕಿವಿ ಮಂದ, ನೆನಪು ಚುರುಕು. "ನಾನು ಮದುವೆಯಾಗಿ ಬಂದಾಗ ನಿಮ್ಮಜ್ಜ ಇಲ್ಲೇ ಇದ್ರು. ಅವರ ಅಪ್ಪನೂ ಇಲ್ಲೇ ಅಂತ ನಮ್ಮತ್ತೆ ಹೇಳ್ತಿದ್ರು. ಬರ್ಕೊ" ಅಂದರು. ಬರೆದುಕೊಂಡೆ. ಆಮೇಲೆ ಚಿಕ್ಕಪ್ಪನ ಕಡೆ ತಿರುಗಿ ಕೇಳಿದರು: "ಆ ಹಳ್ಳದ ಪಕ್ಕದ್ದನ್ನೂ ಸೇರಿಸಿದ್ಯೇನೋ ತಮ್ಮಾ? ಅದು ಈ ಹುಡುಗ ಬೆಂಗಳೂರಿಗೆ ಹೋದಮೇಲೆ ನೆಟ್ಟಿದ್ದಲ್ವಾ?"

ಚಿಕ್ಕಪ್ಪ ನನ್ನ ಮುಖ ನೋಡಿದರು. ನಾನು ಬೆಂಗಳೂರಿಗೆ ಹೋದದ್ದು 2011ರಲ್ಲಿ.